ಬಲ ಹೆಬ್ಬೆರಳಿನ ಅಹವಾಲು

ಕೂಡುಕುಟುಂಬದ ಹಿರಿಸೊಸೆಗೂ ‘ಮಾರಿಯೋ ಕಾರ್ಟ್’ ಎಂಬ ಗಾಡಿ ಓಟದ ವಿಡಿಯೋ ಗೇಮ್ ಆಡುವವರ ಬಲ ಹೆಬ್ಬೆರಳಿಗೂ ಹೆಚ್ಚು ವ್ಯತ್ಯಾಸವಿಲ್ಲ. ಒಲೆ ಹಚ್ಚುವವಳೂ ಅವಳೇ, ಆರಿಸುವವಳೂ ಅವಳೇ, ಹಿತ್ತಿಲ ಬಾಗಿಲಿಗೆ ಯಾರು ಬಂದರೆಂದು ಇಣುಕುವವಳೂ ಅವಳೇ. ನಿಂಟೆಂಡೋ ಸ್ವಿಚ್ ಎಂಬ ಆಟದ ಯಂತ್ರಕ್ಕೆ 2017ರಲ್ಲಿ ಬಂದ ‘ಮಾರಿಯೋ ಕಾರ್ಟ್ 8 ಡಿಲಕ್ಸ್’ನಲ್ಲಿ ಎ ಒತ್ತಿದರೆ ಗಾಡಿ ಓಡುತ್ತದೆ, ಬಿ ಒತ್ತಿದರೆ ಬ್ರೇಕು, ಎಕ್ಸ್ ಒತ್ತಿದರೆ ಬೆನ್ನ ಹಿಂದೆ ಯಾರಿದ್ದಾರೆಂದು ಕಾಣುತ್ತದೆ. ಮೂರೂ ಒಂದೇ ಬೆರಳಿನ ಪಾಲು. ಎಡ ಹೆಬ್ಬೆರಳು ಸ್ಟಿಕ್ ತಿರುಗಿಸುತ್ತದೆ, ಎಡ ತೋರುಬೆರಳು ಎದುರಾಳಿ ಜಾರಲೆಂದು ಬಾಳೆಸಿಪ್ಪೆ ಎಸೆಯುತ್ತದೆ, ಬಲ ತೋರುಬೆರಳು ಡ್ರಿಫ್ಟ್, ಅಂದರೆ ತಿರುವಿನಲ್ಲಿ ಗಾಡಿ ಜಾರಿಸುವ ಕೆಲಸ, ನೋಡಿಕೊಳ್ಳುತ್ತದೆ. ಎಡಬಲಕ್ಕೆ ಸಿಕ್ಕಿಸುವ ಜಾಯ್‌ಕಾನ್ ಎಂಬ ಹಿಡಿಗಳ ಸಮೇತ ಸುಮಾರು 400 ಗ್ರಾಂ ತೂಗುವ ಯಂತ್ರವನ್ನು ಹೊತ್ತು ನಿಂತ ಕಿರುಬೆರಳನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕೆ ಮಡಿಲಲ್ಲೊಂದು ದಿಂಬು ಕೊಡಿ, ಸಾಕು.

ಗ್ರ್ಯಾಂಡ್ ಪ್ರೀ ಎಂದರೆ ನಾಲ್ಕು ರೇಸು. ಅಷ್ಟೂ ಹೊತ್ತು ಎ ಗುಂಡಿ ಅದುಮಿಯೇ ಇರಬೇಕು. ಗಟ್ಟಿಯಾಗಿ ಅದುಮಿದರೆ ಗಾಡಿ ಜೋರಾಗಿ ಹೋಗುತ್ತದೆಂದು ತಲೆಗೆ ಗೊತ್ತಿಲ್ಲದಿದ್ದರೂ ಕೈ ನಂಬಿದೆ. ಮುಂದಿನವನು ಹತ್ತಿರವಾದಷ್ಟೂ ಒತ್ತಡ ಏರುತ್ತದೆ. ಎ ಗುಂಡಿಗೆ ಗೊತ್ತಿರುವುದು ಎರಡೇ ಮಾತು, ಹೌದು ಮತ್ತು ಇಲ್ಲ. ಆದ್ದರಿಂದ ಬೆರಳಿನ ತುದಿಯಿಂದ ಚುಚ್ಚಬೇಡಿ. ಗೆಣ್ಣಿನ ಹತ್ತಿರದ ಭಾಗವನ್ನು ಎ ಮೇಲೆ ಒರಗಿಸಿ, ತುದಿ ಬಿ ಗುಂಡಿಯ ಮೇಲೆ ಮುಟ್ಟೀ ಮುಟ್ಟದಂತಿರಲಿ. ಬ್ರೇಕ್ ಬೇಕಾದಾಗ ಬೆರಳು ಎತ್ತುವುದು ಬೇಡ, ಹೊರಳಿಸಿದರಾಯಿತು. ಆಟದ ಅತಿ ವೇಗದ ಹಂತವಾದ 200ಸಿಸಿ ಆಡುವವರಿಗೆ ಇದು ಬಾರದಿದ್ದರೆ ಪ್ರತಿ ತಿರುವಿನಲ್ಲೂ ಗೋಡೆಗೆ ನಮಸ್ಕಾರ.

ಇದೂ ಬೇಡವೆಂದರೆ ಬೆರಳಿಗೆ ರಜೆ ಕೊಡುವ ದಾರಿಯುಂಟು. ಗಾಡಿ, ಚಕ್ರ, ಗ್ಲೈಡರ್ ಆರಿಸುವ ಪರದೆಯಲ್ಲಿ ಪ್ಲಸ್ ಗುಂಡಿ ಒತ್ತಿ. ಮೂರು ಸ್ವಿಚ್ಚುಗಳು ಕಾಣುತ್ತವೆ: ಸ್ಮಾರ್ಟ್ ಸ್ಟೀರಿಂಗ್, ಟಿಲ್ಟ್, ಆಟೋ ಆಕ್ಸಿಲರೇಟ್. ಕೊನೆಯದನ್ನು ಹಾಕಿದರೆ ಗಾಡಿ ತಾನೇ ಓಡುತ್ತದೆ. ಬೆರಳು ನೋಯುವವರಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ, ನಾಚಿಕೊಳ್ಳಬೇಕಾದ್ದೂ ಇಲ್ಲ. ಆದರೆ ಓಟ ಬಿಟ್ಟು ಒಬ್ಬರಿಗೊಬ್ಬರು ಹೊಡೆದಾಡುವ ಬ್ಯಾಟಲ್ ಆಡುವಾಗ ಮೂಲೆಯಲ್ಲಿ ಹೊಂಚು ಹಾಕಿ ನಿಲ್ಲುವ ಆಸೆ ಬಿಡಬೇಕು. ಗಾಡಿ ನಿಲ್ಲುವ ಪೈಕಿಯಲ್ಲ.

ಮೋಸವಿರುವುದು ಸ್ಮಾರ್ಟ್ ಸ್ಟೀರಿಂಗ್‌ನಲ್ಲಿ. ಅದು ಮೊದಲಿನಿಂದಲೂ ಆನ್ ಆಗಿಯೇ ಬರುತ್ತದೆ. ಗಾಡಿಯ ಹಿಂಭಾಗದಲ್ಲೊಂದು ಆಂಟೆನಾ ಕಂಡರೆ ಅದು ಅಲಂಕಾರವಲ್ಲ, ಸ್ಟೀರಿಂಗ್ ಇನ್ನೂ ಪೋಷಕರ ಕೈಯಲ್ಲಿದೆ ಎಂಬುದರ ಗುರುತು. ರಸ್ತೆ ಬಿಟ್ಟು ಕೆಳಗೆ ಬೀಳದಂತೆ ಕಾಯುತ್ತದೆ, ನಿಜ. ವೇಗ ಕೊಡುವ ಅಣಬೆಯನ್ನು ಖರ್ಚು ಮಾಡಿ ಹುಲ್ಲಿನ ಮೇಲಿಂದ ಅಡ್ಡದಾರಿ ಹಿಡಿಯಲು ಹೊರಟಾಗಲೂ ಅಷ್ಟೇ ಅಕ್ಕರೆಯಿಂದ ಕಿವಿ ಹಿಡಿದು ರಸ್ತೆಗೆ ಎಳೆದು ತರುತ್ತದೆ. ಡ್ರಿಫ್ಟ್ ಹಿಡಿದಷ್ಟೂ ಚಕ್ರದ ಕಿಡಿ ನೀಲಿಯಿಂದ ಕಿತ್ತಳೆಗೆ, ಕಿತ್ತಳೆಯಿಂದ ನೇರಳೆಗೆ ತಿರುಗಬೇಕಲ್ಲ, ಬಣ್ಣ ಮೇಲೇರಿದಷ್ಟೂ ಗುಂಡಿ ಬಿಟ್ಟಾಗ ಗಾಡಿ ಹೆಚ್ಚು ಚಿಮ್ಮಬೇಕಲ್ಲ, ಸ್ಮಾರ್ಟ್ ಸ್ಟೀರಿಂಗ್ ಆನ್ ಇದ್ದರೆ ನೇರಳೆ ಬರುವುದೇ ಇಲ್ಲ. ಎಷ್ಟೋ ಜನ ಆ ಬಣ್ಣಕ್ಕಾಗಿ ಗುಂಡಿ ಇನ್ನಷ್ಟು ಬಲವಾಗಿ ಹಿಸುಕಿ, ಆಮೇಲೆ ತೋರುಬೆರಳಿಗೆ ಎಣ್ಣೆ ತಿಕ್ಕುತ್ತಾರೆ.

ಆ ತೋರುಬೆರಳಿಗೂ ಪರಿಹಾರವಿದೆ. ಡ್ರಿಫ್ಟ್‌ಗೆ ಆರ್ ಒತ್ತಿದರೂ ಒಂದೇ, ಝೆಡ್‌ಆರ್ ಒತ್ತಿದರೂ ಒಂದೇ. ಮೇಲಂಚಿನ ಆರ್ ತೆಳು ಪಟ್ಟಿ. ಅದನ್ನು ಹಿಡಿದಿಡಲು ಬೆರಳನ್ನು ಕೊಕ್ಕೆಯಂತೆ ಮಡಚಬೇಕು. ಹಿಂಬದಿಯ ಝೆಡ್‌ಆರ್ ಮೇಲೆ ಬೆರಳು ಹಾಯಾಗಿ ಕೂರುತ್ತದೆ. ಎಡಗಡೆಯೂ ಹೀಗೆಯೇ: ಬೆನ್ನಟ್ಟಿ ಬಂದು ಬಡಿಯುವ ಕೆಂಪು ಚಿಪ್ಪಿನಿಂದ ಪಾರಾಗಲು ಬಾಳೆಸಿಪ್ಪೆಯನ್ನು ಬಾಲದಂತೆ ಕಟ್ಟಿಕೊಂಡು ಓಡುವವರು ಗುಂಡಿಯನ್ನು ಬಿಡುವಂತಿಲ್ಲ, ಬಿಟ್ಟರೆ ಸಿಪ್ಪೆ ರಸ್ತೆಪಾಲು. ಅದನ್ನೂ ಎಲ್ ಬದಲು ಝೆಡ್‌ಎಲ್‌ನಲ್ಲಿ ಹಿಡಿಯಿರಿ.

ಟಿಲ್ಟ್, ಅಂದರೆ ಕಂಟ್ರೋಲರನ್ನೇ ವಾಲಿಸಿ ಗಾಡಿ ತಿರುಗಿಸುವುದರ ಬಗ್ಗೆ, ಹೆಚ್ಚು ಹೇಳುವುದಿಲ್ಲ. ಟೀವಿ ಎದುರು ಸರಿ. ಕೈಯಲ್ಲಿ ಹಿಡಿದು ಆಡುವಾಗ ಸ್ಟೀರಿಂಗ್ ಜತೆ ಪರದೆಯೂ ವಾಲುತ್ತದೆ, ಪರದೆಯ ಜತೆ ಕತ್ತು, ಕತ್ತಿನ ಜತೆ ಪಕ್ಕದವರ ಪಕ್ಕೆಗೆ ಮೊಣಕೈ. ಟಿಲ್ಟ್ ಇಲ್ಲದೆಯೂ ಮೈ ವಾಲಿಸುವವರಿದ್ದಾರೆ. ಅವರಿಗೆ ಯಾವ ಸೆಟ್ಟಿಂಗೂ ಇಲ್ಲ.

ಗುಂಡಿಗಳನ್ನೇ ಅದಲುಬದಲು ಮಾಡುವ ಸೌಲಭ್ಯ 2020ರ ಏಪ್ರಿಲ್‌ನ ಅಪ್‌ಡೇಟ್‌ನಲ್ಲಿ ಬಂತು. ಸಿಸ್ಟಮ್ ಸೆಟ್ಟಿಂಗ್ಸ್, ಅಲ್ಲಿ ಕಂಟ್ರೋಲರ್ಸ್ ಆ್ಯಂಡ್ ಸೆನ್ಸರ್ಸ್, ಅದರೊಳಗೆ ಚೇಂಜ್ ಬಟನ್ ಮ್ಯಾಪಿಂಗ್. ಇದು ಆಟದ ಸೆಟ್ಟಿಂಗ್ ಅಲ್ಲ, ಇಡೀ ಯಂತ್ರದ್ದು ಎಂಬುದನ್ನು ಮರೆತರೆ ಫಜೀತಿ. ಎ ಮತ್ತು ಬಿ ಅದಲುಬದಲಾದ ಮೇಲೆ ಆಟವೇನೋ ಸುಖ. ಮೆನುವಿನಲ್ಲಿ ‘ಎ ಒತ್ತಿ’ ಎಂದು ಪರದೆ ಕೇಳುತ್ತದೆ, ನೀವು ಒತ್ತುತ್ತೀರಿ, ಅದು ಹಿಂದಕ್ಕೆ ಹೋಗುತ್ತದೆ, ಮತ್ತೆ ಕೇಳುತ್ತದೆ. ಬದಲಿಸುವುದಾದರೆ ಒಂದೇ ಗುಂಡಿ ಬದಲಿಸಿ, ಎರಡು ದಿನ ಆಡಿ ನೋಡಿ.

ಅಂದಹಾಗೆ, ಡ್ರಿಫ್ಟ್‌ನಲ್ಲಿ ಎರಡು ಬಗೆ. ನೀವು ಮಾಡುವುದು ಒಂದು, ಸವೆದ ಸ್ಟಿಕ್ ತಾನಾಗಿ ಮಾಡುವುದು ಇನ್ನೊಂದು. ಮುಟ್ಟದಿದ್ದರೂ ಗಾಡಿ ಎಡಕ್ಕೆ ಎಳೆದರೆ ನಿಮ್ಮ ಬೆರಳನ್ನು ಬಯ್ಯಬೇಡಿ. ಅದೇ ಕಂಟ್ರೋಲರ್ಸ್ ಆ್ಯಂಡ್ ಸೆನ್ಸರ್ಸ್‌ನಲ್ಲಿ ಸ್ಟಿಕ್ ಕ್ಯಾಲಿಬ್ರೇಟ್ ಮಾಡಿ. ಆಗಲೂ ಎಳೆದರೆ ರಿಪೇರಿಯೇ ಗತಿ.

ನೆಂಟರ ಮಕ್ಕಳು ಬಂದಾಗ ಒಂದೊಂದು ಜಾಯ್‌ಕಾನ್ ಹಂಚಿ ಅಡ್ಡ ಹಿಡಿಯುವುದು ವಾಡಿಕೆ. ಎಡದ್ದು ಸಿಕ್ಕಿದವರ ಬಲ ಹೆಬ್ಬೆರಳು ನಡುವಿಗೆ ಮುದುಡಬೇಕು, ಬಲದ್ದು ಸಿಕ್ಕಿದವರ ಎಡ ಹೆಬ್ಬೆರಳು. ಎಸೆಯಲು ಎಸ್‌ಎಲ್, ಡ್ರಿಫ್ಟ್‌ಗೆ ಎಸ್‌ಆರ್, ಎರಡೂ ಸಾಸಿವೆಯಷ್ಟೇ ಗಾತ್ರ. ಪೆಟ್ಟಿಗೆಯಲ್ಲಿ ಬಂದ, ಮಣಿಕಟ್ಟಿನ ದಾರವಿರುವ ಪಟ್ಟಿಯನ್ನು ಸಿಕ್ಕಿಸಿದರೆ ಗುಂಡಿ ದೊಡ್ಡದಾಗುತ್ತದೆ. ಪಟ್ಟಿಯ ಮೇಲಿನ ಪ್ಲಸ್ ಅಥವಾ ಮೈನಸ್ ಗುರುತು ಜಾಯ್‌ಕಾನ್ ಮೇಲಿನದಕ್ಕೆ ಹೊಂದಿದೆಯೇ ನೋಡಿ ಸಿಕ್ಕಿಸಿ. ತಪ್ಪಾಗಿ ತೂರಿಸಿದರೆ ಒಳಗೇನೋ ಹೋಗುತ್ತದೆ. ಹೊರಗೆ ಬರುವಾಗ ಊದಿದ ಬೆರಳಿನ ಉಂಗುರದ ಹಾಗೆ ಹಟ ಹಿಡಿಯುತ್ತದೆ.