ಅರ್ಜುನ ಸಿಗದ ಪಂಚ ಪಾಂಡವರು

ನಮ್ಮ ಪಕ್ಕದ ಮನೆಯವರು ಸರ್ಕಾರಿ ಕಚೇರಿಯಲ್ಲಿ ಸೆಕ್ಷನ್ ಆಫೀಸರ್ ಆಗಿ ರಿಟೈರ್ ಆದವರು. ಫೈಲ್ ಅಂದರೆ ಪ್ರಾಣ. ಮನೆಯ ಹಾಲಿನ ಲೆಕ್ಕಕ್ಕೂ ಒಂದು ಫೈಲ್ ಇದೆ, ಅದಕ್ಕೆ ಟ್ಯಾಗ್ ಕೂಡ ಕಟ್ಟಿದ್ದಾರೆ. ಮೊನ್ನೆ ಅವರ ಹತ್ತಿರ ಒಂದು ಕೆಲಸಕ್ಕೆ ಹೋಗಿದ್ದೆ.

"ಸಾರ್, ಒಬ್ಬರಿಗೆ ಪ್ರಶಸ್ತಿ ಕೊಡಿಸಬೇಕಿತ್ತು."

"ಯಾರಿಗೆ? ನಿಮಗಾ?"

"ಛೆ, ಅಲ್ಲ ಸಾರ್. ಎಸ್. ರಾಮನ್ ಅಂತ. ಫುಟ್‌ಬಾಲ್ ಆಟಗಾರರು. ನಮ್ಮ ಬೆಂಗಳೂರಿನವರೇ."

"ಯಾವ ಇಲಾಖೆ?"

ಇಲಾಖೆ ಗೊತ್ತಿಲ್ಲ, ಗೋಲ್ ಮಾತ್ರ ಗೊತ್ತು ಅಂದೆ. ಹೇಳಿ ನೋಡೋಣ ಅಂದರು. ಹೇಳಿದೆ.

1948ರ ಜುಲೈ 31. ಲಂಡನ್ ಒಲಿಂಪಿಕ್ಸ್. ಇಲ್‌ಫರ್ಡ್‌ನ ಮೈದಾನದಲ್ಲಿ ಭಾರತ ಮತ್ತು ಫ್ರಾನ್ಸ್ ಆಡುತ್ತಿವೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿಲ್ಲ. ಫ್ರಾನ್ಸ್‌ನವರಿಗೆ ಬೂಟು, ನಮ್ಮಲ್ಲಿ ಹೆಚ್ಚಿನವರಿಗೆ ಬರಿಗಾಲು. ಎರಡು ಪೆನಾಲ್ಟಿ ಸಿಕ್ಕಿತು, ಎರಡೂ ಹಾಳಾಯಿತು. 70ನೇ ನಿಮಿಷದಲ್ಲಿ ರಾಮನ್ ಗೋಲ್ ಹೊಡೆದರು. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲ್ ಅದು. ಆಟ ಮುಗಿಯುವ ಹೊತ್ತಿಗೆ ಫ್ರಾನ್ಸ್ ಇನ್ನೊಂದು ಹೊಡೆದು 2-1ರಲ್ಲಿ ಗೆದ್ದಿತು. ಆ ಮಾತು ಬೇರೆ.

ಸಾಹೇಬರು ಕನ್ನಡಕ ಸರಿ ಮಾಡಿಕೊಂಡರು. "ಅಂದರೆ ಸೋತ ಪಂದ್ಯ. ಅಲ್ವಾ?"

"ಹೌದು."

"ನೋಟ್ ಮಾಡಿಕೊಳ್ಳಿ. ಮೊದಲ ಆಕ್ಷೇಪಣೆ."

ಅರ್ಜುನ ಪ್ರಶಸ್ತಿ ಕೊಡಿಸಬಹುದಾ ಅಂತ ಕೇಳಿದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿದರು. ಅರ್ಜುನ ಪ್ರಶಸ್ತಿ ಶುರುವಾದದ್ದು 1961ರಲ್ಲಿ. ಫುಟ್‌ಬಾಲ್‌ಗೆ ಮೊದಲು ಸಿಕ್ಕಿದ್ದು ಪಿ.ಕೆ. ಬ್ಯಾನರ್ಜಿ ಅವರಿಗೆ. ಅದನ್ನು ಕೊಡುವಾಗ ಹಿಂದಿನ ನಾಲ್ಕು ವರ್ಷಗಳ ಸಾಧನೆ ನೋಡುತ್ತಾರೆ. "ನಿಮ್ಮ ರಾಮನ್ ಸುಮ್ನೆ ಆತುರ ಪಟ್ಟರು. 1961ರ ತನಕ ತಡೆದು ಗೋಲ್ ಹೊಡೆದಿದ್ದರೆ ಕ್ರಮಬದ್ಧವಾಗಿರುತ್ತಿತ್ತು. ಈಗ ನೋಡಿ, ಕಡತದ ಪ್ರಕಾರ ಆಫ್‌ಸೈಡ್."

ಇದನ್ನು ತಮಾಷೆ ಅಂದುಕೊಳ್ಳಬೇಡಿ. ನಮ್ಮ ದೇಶದ ಫುಟ್‌ಬಾಲಿನ ಒಳ್ಳೆಯ ಕಾಲ ಯಾವುದು ಅಂತ ಯಾರನ್ನಾದರೂ ಕೇಳಿ. 1948ರಿಂದ 1962 ಅನ್ನುತ್ತಾರೆ. 1951ರಲ್ಲಿ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. 1962ರಲ್ಲಿ ಜಕಾರ್ತದಲ್ಲಿ ಮತ್ತೆ ಚಿನ್ನ. ಈ ಹದಿನಾಲ್ಕು ವರ್ಷದಲ್ಲಿ ಹದಿಮೂರು ವರ್ಷ ಪ್ರಶಸ್ತಿಯೇ ಇರಲಿಲ್ಲ. ಪ್ರಶಸ್ತಿ ಬಂದು ನೆಲೆ ಊರುವ ಹೊತ್ತಿಗೆ ಚಿನ್ನ ಬರುವುದು ನಿಂತುಹೋಯಿತು. ಮದುವೆ ಮುಗಿದ ಮೇಲೆ ಓಲಗದವರು ಬಂದ ಹಾಗೆ.

ಅಹ್ಮದ್ ಖಾನ್ ಅವರ ಕಥೆ ಹೇಳಿದರೆ ಸಾಹೇಬರು ಕರಗಬಹುದು ಅನಿಸಿತು. ಬೆಂಗಳೂರಿನಲ್ಲಿ 1926ರಲ್ಲಿ ಹುಟ್ಟಿದ ಹುಡುಗ. 1948ರ ಲಂಡನ್‌ಗೂ ಹೋದರು, 1952ರ ಹೆಲ್ಸಿಂಕಿಗೂ ಹೋದರು. ನಡುವೆ 1951ರ ಚಿನ್ನದ ತಂಡದಲ್ಲೂ ಇದ್ದರು. ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ನಮಗೆ ಹತ್ತು ಗೋಲ್ ಹೊಡೆಯಿತು. ನಮ್ಮದು ಒಂದು. ಆ ಒಂದು ಅಹ್ಮದ್ ಖಾನ್ ಅವರದ್ದು. ಹತ್ತು ಗೋಲ್ ತಿಂದ ಮೇಲೂ ಕೊನೆ ಗಳಿಗೆಯಲ್ಲಿ ಹೋಗಿ ಒಂದು ಹೊಡೆದು ಬರುವುದಕ್ಕೆ ಏನು ಎದೆ ಬೇಕು ಅಂತ ನಾನು ಆಗಾಗ ಯೋಚಿಸುತ್ತೇನೆ. ನಾವಾಗಿದ್ದರೆ ಐದನೇ ಗೋಲಿಗೇ ಕಾಲು ಉಳುಕಿದೆ ಅಂತ ಆಚೆ ಬಂದು ಕೂರುತ್ತಿದ್ದೆವು.

ಕಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್‌ನಲ್ಲಿ ಆಗ ಐದು ಜನ ಮುಂಚೂಣಿ ಆಟಗಾರರಿದ್ದರು. ಅಹ್ಮದ್ ಖಾನ್, ಧನರಾಜ್, ಅಪ್ಪಾರಾವ್, ವೆಂಕಟೇಶ್, ಸಾಲೆ. 1949ರಿಂದ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಪಂದ್ಯಾವಳಿ ಗೆದ್ದರು. ಅಲ್ಲಿನ ಜನ ಅವರಿಗೆ ಇಟ್ಟ ಹೆಸರು ಪಂಚ ಪಾಂಡವರು. ಹೆಸರಿಟ್ಟ ಬಂಗಾಳಿಗಳಿಗೆ ಇವರ ಮನೆಮಾತೂ ಬರುತ್ತಿರಲಿಲ್ಲ, ಇವರು ಉಣ್ಣುವ ಊಟವೂ ಗೊತ್ತಿರಲಿಲ್ಲ. ಆದರೂ ಎತ್ತಿ ಮಹಾಭಾರತದೊಳಗೆ ಕೂರಿಸಿದರು.

ಈ ಐವರು ಪಾಂಡವರಲ್ಲಿ ಒಬ್ಬರಿಗೂ ಅರ್ಜುನ ಸಿಗಲಿಲ್ಲ!

ಸಾಹೇಬರಿಗೆ ಇದರಲ್ಲಿ ನಗು ಬರುವಂಥದ್ದೇನೂ ಕಾಣಲಿಲ್ಲ. "ಐದು ಜನರಿಗೆ ಒಂದೇ ಅರ್ಜಿ ಹಾಕಲು ಬರುವುದಿಲ್ಲ, ಪ್ರತ್ಯೇಕ ಹಾಕಬೇಕು" ಅಂದರು.

ಅಹ್ಮದ್ ಖಾನ್ 2017ರಲ್ಲಿ ತೀರಿಕೊಂಡರು, ಇದೇ ಬೆಂಗಳೂರಿನಲ್ಲಿ, ತೊಂಬತ್ತು ವರ್ಷ ತುಂಬಿಸಿಕೊಂಡು. ತೊಂಬತ್ತು ವರ್ಷ ಅಂದರೆ ಸರ್ಕಾರಕ್ಕೂ ಸಾಕಷ್ಟು ಟೈಮು. ಪದ್ಮ ಪ್ರಶಸ್ತಿ ಪಡೆದ ಫುಟ್‌ಬಾಲ್ ಆಟಗಾರರ ಪಟ್ಟಿ ಹೇಗಿದ್ದರೂ ಉದ್ದ ಇಲ್ಲ, ಎರಡು ಕೈ ಬೆರಳು ಸಾಕು. ಅದರಲ್ಲಿ ಅವರ ಹೆಸರಿಲ್ಲ.

"ಪದ್ಮಕ್ಕೆ ಯಾಕೆ ಪ್ರಯತ್ನ ಮಾಡಬಾರದು?" ಅಂತ ಸಾಹೇಬರೇ ಈಗ ಉತ್ಸಾಹ ತೋರಿಸಿದರು. ಲ್ಯಾಪ್‌ಟಾಪ್ ತೆಗೆದರು. ಯಾರು ಬೇಕಾದರೂ ಯಾರ ಹೆಸರನ್ನಾದರೂ ಸೂಚಿಸಬಹುದು. ಅಷ್ಟೇ ಅಲ್ಲ, ತಮ್ಮ ಹೆಸರನ್ನು ತಾವೇ ಸೂಚಿಸಿಕೊಳ್ಳಬಹುದು. ಇದು ನಾನು ಹುಟ್ಟಿಸಿದ್ದಲ್ಲ, ನಿಯಮದಲ್ಲೇ ಇದೆ. ನಮ್ಮಜ್ಜಿಯ ಕಾಲದಲ್ಲಿ ತನ್ನನ್ನು ತಾನೇ ಹೊಗಳಿಕೊಂಡವನನ್ನು ಜನ ಬೇರೆ ಹೆಸರಿನಿಂದ ಕರೆಯುತ್ತಿದ್ದರು. ಈಗ ಅರ್ಜಿದಾರ ಅನ್ನುತ್ತಾರೆ.

ಬಾಲು ಬಂದರೆ ಒದೆಯುವುದು, ಸೀಟಿ ಊದಿದರೆ ನಿಲ್ಲುವುದು ಇಷ್ಟೇ ಕಲಿತ ಮನುಷ್ಯ "ನಾನು ಮಹಾನ್ ಆಟಗಾರ, ದಯವಿಟ್ಟು ಪರಿಗಣಿಸಿ" ಅಂತ ಬರೆದುಕೊಳ್ಳುವುದು ಹೇಗೆ ಹೇಳಿ. ಬರೆದುಕೊಳ್ಳುವ ಜಾತಿಯವರು ಫುಟ್‌ಬಾಲ್ ಆಡಲು ಹೋಗುತ್ತಿರಲಿಲ್ಲ. ಸಂಘದ ಚುನಾವಣೆಗೆ ನಿಲ್ಲುತ್ತಿದ್ದರು.

"ಸತ್ತವರು ಏನು ಮಾಡಬೇಕು ಸಾರ್?"

"ಮರಣೋತ್ತರವಾಗಿ ಸಾಮಾನ್ಯವಾಗಿ ಕೊಡುವುದಿಲ್ಲ. ತೀರಾ ಅರ್ಹರಾಗಿದ್ದರೆ ಕೊಡಬಹುದು." ಒಂದು ನಿಮಿಷ ಬಿಟ್ಟು ಸೇರಿಸಿದರು, "ಆದರೆ ಅವರು ತೀರಾ ಅರ್ಹರು ಅಂತ ಗೊತ್ತಾಗಬೇಕಾದರೆ ಬದುಕಿದ್ದಾಗ ಯಾವುದಾದರೂ ಪ್ರಶಸ್ತಿ ಬಂದಿರಬೇಕಲ್ಲ."

ಬದುಕಿದ್ದವರ ಕಥೆ ಬೇರೆಯಾ ಅಂತ ನೋಡಿದರೆ ಅದೂ ಇಲ್ಲ. ಸಿಕಂದರಾಬಾದಿನ ತುಳಸೀದಾಸ್ ಬಲರಾಮ್ ಅವರನ್ನೇ ತೆಗೆದುಕೊಳ್ಳಿ. ಪಿ.ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿ, ಬಲರಾಮ್ ಅಂದರೆ ಆ ಕಾಲಕ್ಕೆ ಒಂದೇ ಉಸಿರಿನಲ್ಲಿ ಹೇಳುವ ಮೂರು ಹೆಸರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬಲರಾಮ್ ಹಂಗೇರಿಗೂ ಗೋಲ್ ಹೊಡೆದರು, ಪೆರುವಿಗೂ ಹೊಡೆದರು. ಚುನಿ ಅವರಿಗೆ 1983ರಲ್ಲಿ ಪದ್ಮಶ್ರೀ ಬಂತು, ಪಿ.ಕೆ.ಗೆ 1990ರಲ್ಲಿ ಬಂತು. ಬಲರಾಮ್ 2023ರ ಫೆಬ್ರವರಿವರೆಗೂ ಬದುಕಿದ್ದರು. ಪದ್ಮಶ್ರೀ ಬರಲಿಲ್ಲ. ದೇಶದ ಮಟ್ಟದಲ್ಲಿ 1962ರ ಅರ್ಜುನವೇ ಮೊದಲು, ಅದೇ ಕೊನೆ. ಮೆಲ್ಬರ್ನ್‌ಗೆ ಹೋದ ತಂಡದ ನಾಯಕ ಸಮರ್ ಬ್ಯಾನರ್ಜಿ 2022ರವರೆಗೂ ಇದ್ದರು. ಅವರಿಗೆ ಅರ್ಜುನವೂ ಇಲ್ಲ, ಪದ್ಮವೂ ಇಲ್ಲ. ಅದೇ ತಂಡದ ನೆವಿಲ್ ಡಿಸೋಜಾ ಆಸ್ಟ್ರೇಲಿಯಾಕ್ಕೆ ಮೂರು ಗೋಲ್ ಹೊಡೆದು, ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಹ್ಯಾಟ್ರಿಕ್ ಮಾಡಿದ ಮೊದಲ ಏಷ್ಯಾದವರಾದರು. ಅವರಿಗೂ ಇಲ್ಲ.

ಅದೇ ತಂಡದಲ್ಲಿ ನಮ್ಮವರೊಬ್ಬರಿದ್ದರು, ಕೆಂಪಯ್ಯ. ಹಾಫ್ ಬ್ಯಾಕ್. ಈ ಸ್ಥಾನದ ಹಣೆಬರಹ ನಿಮಗೆ ಗೊತ್ತಲ್ಲ. ಗೋಲ್ ಹೊಡೆದವನ ಫೋಟೋ ಬರುತ್ತದೆ, ಗೋಲ್ ತಡೆದವನ ಫೋಟೋ ಬರುತ್ತದೆ. ನಡುವೆ ಓಡಾಡಿ ಬಾಲು ಕಿತ್ತುಕೊಟ್ಟವನಿಗೆ ಬೆವರು ಮಾತ್ರ ಬರುತ್ತದೆ. ಒಲಿಂಪಿಕ್ಸ್ ಸೆಮಿಫೈನಲ್ ಆಡಿದ ಬೆಂಗಳೂರಿನವರ ಹೆಸರು ಹೇಳಿ ಅಂತ ಕ್ವಿಜ್‌ನಲ್ಲಿ ಕೇಳಿದರೆ ಇವತ್ತು ನಮ್ಮ ಮಕ್ಕಳು ತಲೆ ಕೆರೆದುಕೊಳ್ಳುತ್ತಾರೆ. 1962ರ ಜಕಾರ್ತದ ಚಿನ್ನದ ತಂಡದಲ್ಲಿದ್ದ ಅರುಮೈನಾಯಗಂ, 1970ರ ಬ್ಯಾಂಕಾಕ್ ಕಂಚಿನ ತಂಡದಲ್ಲಿದ್ದ ಉಲಗನಾಥನ್ ಕಥೆಯೂ ಅಷ್ಟೇ. ಹತ್ತಿರದ ಕಾಲದವರೇ ಬೇಕು ಅಂದರೆ ಕಾರ್ಲ್‌ಟನ್ ಚಾಪ್‌ಮನ್. 1993ರಲ್ಲಿ ಇರಾಕಿನ ಅಲ್ ಜವ್ರಾ ತಂಡಕ್ಕೆ ಈಸ್ಟ್ ಬೆಂಗಾಲ್ ಆರು ಗೋಲ್ ಹೊಡೆದಾಗ ಅದರಲ್ಲಿ ಮೂರು ಅವರದ್ದು. ಭಾರತ ತಂಡದ ನಾಯಕರೂ ಆಗಿದ್ದರು. 2020ರಲ್ಲಿ ನಲವತ್ತೊಂಬತ್ತಕ್ಕೇ ಹೋಗಿಬಿಟ್ಟರು. ಅರ್ಜುನ ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿ ನೋಡಿ. ಈ ನಾಲ್ವರೂ ಸಿಗುವುದಿಲ್ಲ.

ಇಲ್ಲಿ ಕ್ರಿಕೆಟ್‌ಗೆ ನಾಲ್ಕು ಬೈದು ಚಪ್ಪಾಳೆ ಗಿಟ್ಟಿಸಬಹುದು. ಬೇಡ. ಎಂ.ಜಿ. ರಸ್ತೆಯ ತುದಿಯಲ್ಲಿ ಅನಿಲ್ ಕುಂಬ್ಳೆ ವೃತ್ತ ಇದೆ, ಇರಲೇಬೇಕು. ಅಲ್ಲಿಂದ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಬಹಳ ದೂರ ಇಲ್ಲ. ಆ ದಾರಿಯಲ್ಲಿ ಒಂದು ಮೂಲೆಗಾದರೂ ರಾಮನ್ ಹೆಸರಿಟ್ಟರೆ ಕುಂಬ್ಳೆ ಅವರೇನು ಬೇಡ ಅನ್ನುತ್ತಾರಾ?

ಫುಟ್‌ಬಾಲಿನಲ್ಲಿ ಹೆಸರಿಡುವ ಪದ್ಧತಿಯೇ ವಿಚಿತ್ರ. ಡ್ಯುರಾಂಡ್ ಕಪ್ ಇದೆಯಲ್ಲ, ಅದು ಮಾರ್ಟಿಮರ್ ಡ್ಯುರಾಂಡ್ ಅನ್ನುವ ಬ್ರಿಟಿಷ್ ಅಧಿಕಾರಿಯ ಹೆಸರು. ಅಫ್ಘಾನಿಸ್ತಾನದ ಗಡಿಗೆ ಗೆರೆ ಎಳೆದ ಪುಣ್ಯಾತ್ಮ. ಸಂತೋಷ್ ಟ್ರೋಫಿಯ ಸಂತೋಷ್ ಯಾರೋ ಆಟಗಾರ ಅಂತ ನಾನು ಬಹಳ ದಿನ ನಂಬಿದ್ದೆ. ಅದು ಬಂಗಾಳದ ಒಂದು ಜಮೀನ್ದಾರಿ ಊರು, ಅದರ ಮಹಾರಾಜರು ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರಾಗಿದ್ದವರು. ಗಡಿ ಗೆರೆ ಎಳೆದವನ ಹೆಸರಿನಲ್ಲಿ ಕಪ್ಪು. ಕುರ್ಚಿಯಲ್ಲಿ ಕೂತವರ ಊರಿನ ಹೆಸರಿನಲ್ಲಿ ಕಪ್ಪು. ಗೋಲ್ ಗೆರೆ ದಾಟಿಸಿದವನ ಹೆಸರಿನಲ್ಲಿ ಸಿಕ್ಕಿದರೆ ಒಂದು ಸಣ್ಣ ಲೋಟ. ಆ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ತಂದಿತ್ತು. 1968-69ರ ನಂತರ ಮತ್ತೆ ಕೈಗೆ ಸಿಕ್ಕಿದ್ದು 2023ರಲ್ಲಿ, ಅದೂ ರಿಯಾದ್‌ಗೆ ಹೋಗಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ. ಐವತ್ನಾಲ್ಕು ವರ್ಷದ ನಂತರ ಗೆಲುವು ಅಂತ ಎಲ್ಲರೂ ಲೆಕ್ಕ ಹೇಳಿದರು. ಐವತ್ನಾಲ್ಕು ವರ್ಷದ ಹಿಂದೆ ಗೆದ್ದವರು ಯಾರು ಅನ್ನುವುದು ಲೆಕ್ಕದಲ್ಲಿ ಬರಲಿಲ್ಲ.

ಸರ್ಕಾರದ ಮೇಲೇ ಎಲ್ಲ ಹೊರಿಸಿದರೆ ನಮಗೂ ಸುಖ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಬೆಂಗಳೂರಿನ ಈ ಆಟಗಾರರಲ್ಲಿ ಹೆಚ್ಚಿನವರು ದಂಡಿನ, ಅಂದರೆ ಕಂಟೋನ್ಮೆಂಟ್ ಕಡೆಯ ಹುಡುಗರು. ಮನೆಯಲ್ಲಿ ತಮಿಳು, ಉರ್ದು, ಇಂಗ್ಲಿಷ್. ಪೇಟೆಯ ಕಡೆ ಕೂತು ಕನ್ನಡದಲ್ಲಿ ಬರೆಯುವ ನನ್ನಂಥವರಿಗೆ ಇವರು ನಮ್ಮವರು ಅಂತ ಹೊಳೆಯಲೇ ಇಲ್ಲ. ಬಂಗಾಳದವರು ಪಾಂಡವರು ಅಂದರು. ನಾವು "ಹೌದಾ, ಬೆಂಗಳೂರಿನವರಾ?" ಅಂದೆವು.

ಹಲಸೂರಿನ ಪಕ್ಕದ ಗೌತಮಪುರಕ್ಕೆ ಒಮ್ಮೆ ಹೋಗಿ ಬನ್ನಿ. ಬೀದಿ ಬೀದಿಗೆ ಫುಟ್‌ಬಾಲ್. ಅಲ್ಲಿ ಪೀಲೆಯ ಪ್ರತಿಮೆ ಇದೆ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ, ಅವರ ಜೊತೆಗೆ ಪೀಲೆ. ಪೇಪರಿನವರು ಬಂದು ಫೋಟೋ ಹೊಡೆದುಕೊಂಡು ಹೋಗುತ್ತಾರೆ. ನನಗೆ ಆ ಜನರ ಮೇಲೆ ಗೌರವ ಜಾಸ್ತಿ. ಅವರು ಯಾರ ಅರ್ಜಿಗೂ ಕಾಯಲಿಲ್ಲ. ಹಿಂದಿನ ನಾಲ್ಕು ವರ್ಷದಲ್ಲಿ ಪೀಲೆ ಏನು ಕಡಿದು ಕಟ್ಟೆ ಹಾಕಿದ್ದಾನೆ ಅಂತಲೂ ಕೇಳಲಿಲ್ಲ.

ಇತ್ತ ಸಾಹೇಬರು ಅಷ್ಟರಲ್ಲಿ ಅರ್ಜಿ ಶುರು ಮಾಡಿಯೇ ಬಿಟ್ಟಿದ್ದರು. 2026ರ ಪದ್ಮಕ್ಕೆ ಮೊದಲು ಗೊತ್ತು ಮಾಡಿದ್ದ ಕೊನೆ ದಿನ 2025ರ ಜುಲೈ 31 ಅಂತ ತೋರಿಸಿದರು. ರಾಮನ್ ಗೋಲ್ ಹೊಡೆದದ್ದೂ ಜುಲೈ 31ಕ್ಕೇ. ಸರಿಯಾಗಿ ಎಪ್ಪತ್ತೇಳು ವರ್ಷ. "ನೋಡಿ, ದಿನಾಂಕ ತಾಳೆಯಾಗುತ್ತಿದೆ. ಇಸವಿಯೊಂದೇ ವ್ಯತ್ಯಾಸ" ಅಂತ ಸಾಹೇಬರಿಗೆ ಮೊದಲ ಸಲ ಖುಷಿಯಾಯಿತು. ಆ ಗಡುವು ಮುಗಿದಿದೆಯಲ್ಲ ಅಂದೆ. "ಮುಂದಿನದಕ್ಕೆ ಈಗಲೇ ರೆಡಿ ಇರಬೇಕು" ಅಂದರು.

ಸಾಧನೆಯ ವಿವರ 800 ಪದ ಮೀರಬಾರದು ಅಂತ ಇದೆ. ನಾನು ಬರೆದು ಕೊಟ್ಟೆ: "1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಗೋಲ್ ಹೊಡೆದರು." ಸಾಹೇಬರು ಪದ ಎಣಿಸಿದರು. ಎರಡು ಸಲ ಎಣಿಸಿದರು.

"ಬರೀ ಹತ್ತು. ಇನ್ನೂ ಏಳು ನೂರ ತೊಂಬತ್ತಕ್ಕೆ ಜಾಗ ಇದೆಯಲ್ರೀ. ಹೀಗೆ ಖಾಲಿ ಬಿಟ್ಟರೆ ಚೆನ್ನಾಗಿರುತ್ತಾ? ಕೊಡಿ ಇಲ್ಲಿ."

ಅವರು ಟೈಪ್ ಮಾಡತೊಡಗಿದರು. ಮಾನ್ಯ ಸಚಿವರ ದೂರದೃಷ್ಟಿ ಬಂತು. ಸಂಸ್ಥೆಯ ಅಧ್ಯಕ್ಷರ ಅವಿರತ ಶ್ರಮ ಬಂತು. ಉಪಾಧ್ಯಕ್ಷರು, ಗೌರವ ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ, ಖಜಾಂಚಿ, ಮಾಜಿ ಖಜಾಂಚಿ ಬಂದರು. ಇವರೆಲ್ಲರ ಮಾರ್ಗದರ್ಶನ ಇಲ್ಲದಿದ್ದರೆ 1948ರ ಗೋಲ್ ಹೇಗೆ ಸಾಧ್ಯವಾಗುತ್ತಿರಲಿಲ್ಲ ಅನ್ನುವುದು ಒಂದು ಪೂರ್ತಿ ಪ್ಯಾರಾ ಆಯಿತು. ಕಾಫಿ ಬಂತು. ಕುಡಿದು ಮುಗಿಸುವಷ್ಟರಲ್ಲಿ ಸರಿಯಾಗಿ 800 ಪದ.

ಓದಿ ನೋಡಿದೆ. "ಸಾರ್, ರಾಮನ್ ಹೆಸರೇ ಇಲ್ಲವಲ್ಲ?"

ಸಾಹೇಬರು ಸ್ಕ್ರೀನ್ ಮೇಲೆ ಕೆಳಗೆ ಮೇಲೆ ಹುಡುಕಿದರು. ಯಾವ ಹೆಸರು ತೆಗೆಯುವುದು ಅಂತ ಸ್ವಲ್ಪ ಹೊತ್ತು ಯೋಚಿಸಿದರು. ಖಜಾಂಚಿ ಬೇಜಾರು ಮಾಡಿಕೊಳ್ಳಬಹುದು ಅನಿಸಿತೇನೋ.

"ಲಗತ್ತಿನಲ್ಲಿ ಹಾಕೋಣ ಬಿಡಿ" ಅಂದರು.