ಇವತ್ತೂ ಕರೆಂಟ್ ಇಲ್ಲ

ಎದ್ದ ಕೂಡಲೇ ಸ್ವಿಚ್‌ಬೋರ್ಡಿನ ಕೆಂಪು ದೀಪ ನೋಡುತ್ತೇನೆ. ಇವತ್ತೂ ಇಲ್ಲ. ರಾತ್ರಿ ಗಾಳಿಗೆ ಎಲ್ಲೋ ಲೈನಿನ ಮೇಲೆ ಮರ ಬಿದ್ದಿರಬೇಕು. ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯಿಂದ ಒಳಗಿರುವ ನಮ್ಮೂರಲ್ಲಿ ಮಳೆಗಾಲ ಅಂದರೆ ಹೀಗೇ.

ಹತ್ತು ಗಂಟೆಗೆ ಆಫೀಸಿನ ಮೀಟಿಂಗ್. ಇನ್ವರ್ಟರ್ ನಿನ್ನೆ ಸಂಜೆಯೇ ಕೈಕೊಟ್ಟಿದೆ. ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಕೊಡೆ ಹಿಡಿದು ಗುಡ್ಡ ಹತ್ತಿದರೆ ಎರಡು ಕಡ್ಡಿ ನೆಟ್‌ವರ್ಕ್. ಕಾಲಲ್ಲಿ ಉಂಬಳ (ಜಿಗಣೆ), ಕಿವಿಯಲ್ಲಿ "ನಿಮ್ಮ ದನಿ ಕೇಳಿಸ್ತಿಲ್ಲ". ಕಳೆದ ವಾರ ಮ್ಯಾನೇಜರ್ ಕೇಳಿದರು, "ಇನ್ನೂ ಕರೆಂಟ್ ಬಂದಿಲ್ವಾ?" ನಾನು ಸುಳ್ಳು ಹೇಳುತ್ತಿದ್ದೇನೆ ಅನ್ನೋ ಹಾಗಿತ್ತು ಆ ದನಿ. ಇನ್ನೂ ಚುಚ್ಚುತ್ತಿದೆ.

ಪೇಪರ್ ತೆಗೆದರೆ ದಿನವೂ ಲಿಂಗನಮಕ್ಕಿಯ ನೀರಿನ ಮಟ್ಟ. ತುಂಬಿದರೆ ಸಮುದ್ರಮಟ್ಟದಿಂದ 1819 ಅಡಿ. ಕರೆಂಟಿಗಾಗಿ ಶರಾವತಿ ನದಿಗೆ ಕಟ್ಟಿದ ಆ ಅಣೆಕಟ್ಟು 1964ರಲ್ಲಿ ಮುಗಿಯಿತು. ಎಷ್ಟು ಊರು, ಗದ್ದೆ, ತೋಟ ಮುಳುಗಿದವು! ಈಗ ಅದೇ ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ತೆಗೆಯುವ) ಯೋಜನೆಯ ಸುದ್ದಿ. ರಾಜ್ಯಕ್ಕೆ ಕರೆಂಟ್ ಬೇಕು, ಸರಿ. ನಮಗೂ ಬೇಕಲ್ವಾ? ಮಳೆಯಲ್ಲೇ ಕಂಬ ಹತ್ತುವ ಲೈನ್‌ಮನ್ ಮೇಲೆ ನನಗೆ ಸಿಟ್ಟಿಲ್ಲ, ಪಾಪ. ಕಾಡಿನೊಳಗಿನ ಹಳೇ ತಂತಿ ಬದಲಿಸಿ, ಮಳೆಗೆ ಮುಂಚೆ ಕೊಂಬೆ ಸವರಿಸಿ ಅಂತ ಕೇಳುತ್ತಿದ್ದೇವೆ, ಅಷ್ಟೇ.

ಬೆಂಗಳೂರಿಗೆ ವಾಪಸ್ ಹೋಗಿಬಿಡಲಾ ಅಂತ ಯೋಚಿಸುತ್ತಾ ರಾತ್ರಿ ನಿದ್ದೆಯೇ ಹತ್ತುವುದಿಲ್ಲ. ಇಲ್ಲಿ ಅಪ್ಪ ಒಬ್ಬರೇ. ತೋಟಕ್ಕೆ ಎಲೆಚುಕ್ಕಿ ರೋಗ ಬೇರೆ ಜಾಸ್ತಿಯಾಗಿದೆ. ಅವರನ್ನು ಹೇಗೆ ಬಿಟ್ಟು ಹೋಗಲಿ? ಮಧ್ಯಾಹ್ನ ಎರಡಕ್ಕೆ ಇನ್ನೊಂದು ಮೀಟಿಂಗ್ ಇದೆ. ಮಳೆ ಮತ್ತೆ ಜೋರಾಯಿತು.