ಬೇರುಗಂಟು ಜಂತುಹುಳುವಿಗೆ ಬ್ಯಾಕ್ಟೀರಿಯಾ ಸಾಕಾ?

ಪರ

ಪಾಲಿಹೌಸ್‌ನಲ್ಲಿ ಟೊಮೆಟೊ ಗಿಡ ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಳ್ಳುತ್ತಿದೆಯಾ? ನೀರು ಹೆಚ್ಚಿಸುವ ಮೊದಲು ಒಂದು ಗಿಡ ಕಿತ್ತು, ಬೇರು ತೊಳೆದು ನೋಡಿ. ಉದ್ದಕ್ಕೂ ಗಂಟುಗಳಿದ್ದರೆ ಅದು ಮೆಲಾಯ್ಡೊಗೈನ್ ಎಂಬ, ಮಣ್ಣಿನ ಸೂಕ್ಷ್ಮ ಜಂತುಹುಳುವಿನ ಕೆಲಸ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಮಣ್ಣು ಬೆಚ್ಚಗಿದ್ದರೆ ಸುಮಾರು ಒಂದು ತಿಂಗಳಲ್ಲಿ ಮುಂದಿನ ಪೀಳಿಗೆ ಸಿದ್ಧ. ವಿಷದ ಹರಳು ಹಾಕಿದರೆ ಸ್ವಲ್ಪ ದಿನ ತಗ್ಗುತ್ತದೆ, ಆಮೇಲೆ ಮತ್ತೆ ಶುರು.

ಸೂಡೊಮೊನಾಸ್ ಫ್ಲೋರೆಸೆನ್ಸ್, ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾಗಳು ಹಾಗಲ್ಲ. ಇವು ಬೇರಿನ ಮೇಲೆಯೇ ಬೀಡುಬಿಡುತ್ತವೆ. ಇವು ಬಿಡುವ ರಾಸಾಯನಿಕಗಳು ಮೊಟ್ಟೆಗೂ ಮರಿಹುಳುವಿಗೂ ಹಾನಿ ಮಾಡುತ್ತವೆ. ಗಿಡದ ರೋಗನಿರೋಧಕ ಶಕ್ತಿಯನ್ನೂ ಎಚ್ಚರಿಸುತ್ತವೆ. ಆದರೆ ಈ ಬ್ಯಾಕ್ಟೀರಿಯಾ ಇರುವ ಪುಡಿಯನ್ನು ಸುಮ್ನೆ ಮಣ್ಣಿಗೆ ಎರಚಿದರೆ ಪ್ರಯೋಜನ ಕಡಿಮೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹೇಳಿಕೊಟ್ಟ ಕ್ರಮ ಹೀಗಿದೆ: ಒಂದು ಟನ್ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 2 ಕೆ.ಜಿ. ಪುಡಿ ಬೆರೆಸಿ, ನೆರಳಲ್ಲಿ ತೇವ ಆರದಂತೆ 15 ದಿನ ಇಡಬೇಕು. ಗೊಬ್ಬರದಲ್ಲೇ ಅವು ಹೆಚ್ಚುತ್ತವೆ. ಸಸಿ ಬೆಳೆಸುವ ಪ್ರೋಟ್ರೇಯ ಕೋಕೋಪೀಟ್‌ಗೂ (ತೆಂಗಿನ ನಾರಿನ ಪುಡಿ) ಬೆರೆಸಿದರೆ ಸಸಿ ಮಡಿಗೆ ಬರುವಾಗಲೇ ಬೇರಿಗೆ ಕಾವಲಿರುತ್ತದೆ. ನನಗಂತೂ ಇದೇ ಇಡೀ ಪದ್ಧತಿಯ ಜೀವಾಳ ಅನಿಸುತ್ತದೆ.

ವಿರೋಧ

ಸಸಿಯ ಹಂತದಲ್ಲಿ ಒಪ್ಪೋಣ. ಆದರೆ ಬಹುಪಾಲು ರೈತರು ಔಷಧಿ ಹುಡುಕುವುದು ಗಂಟು ಕಂಡ ಮೇಲೆ, ಅಲ್ವಾ? ಆ ಹೊತ್ತಿಗೆ ಹೆಣ್ಣು ಹುಳು ಬೇರಿನೊಳಗೆ ಕೂತು ಉಣ್ಣುತ್ತಿರುತ್ತದೆ. ಹೊರಗೆ ನೆಲೆಸಿದ ಬ್ಯಾಕ್ಟೀರಿಯಾ ಆ ಗಂಟನ್ನು ಕರಗಿಸುವುದಿಲ್ಲ.

ಪಾಸ್ಚೂರಿಯಾ ಪೆನೆಟ್ರಾನ್ಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಇದೆ. ಅದರ ಬೀಜಕಣಗಳು ಮರಿಹುಳುವಿನ ಚರ್ಮಕ್ಕೇ ಅಂಟುತ್ತವೆ. ಅಂಥ ಹುಳು ಬೇರು ಹೊಕ್ಕು ಬೆಳೆದರೂ ಮೊಟ್ಟೆ ಇಡುವುದು ಅಪರೂಪ. ಕೇಳಲು ಎಷ್ಟು ಚಂದ! ಆದರೆ ಅದು ಬೆಳೆಯುವುದು ಜಂತುಹುಳುವಿನ ದೇಹದಲ್ಲಿ. ಡ್ರಮ್‌ನಲ್ಲಿ ಬೆಲ್ಲದ ನೀರಿಗೆ ಹಾಕಿ ಹೆಚ್ಚಿಸುವ ಮಾತೇ ಇಲ್ಲ. ಒಂದು ಹೊಲದ ಹುಳುವಿಗೆ ಅಂಟಿದ್ದು ಇನ್ನೊಂದು ಹೊಲದ ಹುಳುವಿಗೆ ಅಂಟದೆಯೂ ಇರಬಹುದು.

ಇನ್ನು ಅಂಗಡಿಯ ಪೊಟ್ಟಣ. ಬಿಸಿಲಿಗೆ ಕಾದ ತಗಡಿನ ಮಾಡಿನ ಕೆಳಗೆ ತಿಂಗಳುಗಟ್ಟಲೆ ಬಿದ್ದ ಸೂಡೊಮೊನಾಸ್ ಪುಡಿಯಲ್ಲಿ ಜೀವ ಎಷ್ಟು ಉಳಿದಿರುತ್ತದೆ? ಬೀಜಕಣ ಕಟ್ಟುವ ಬ್ಯಾಸಿಲಸ್ ತಾಳುತ್ತದೆ, ಇದು ತಾಳುವುದಿಲ್ಲ. ಹಾಕಿದ ವಾರದಲ್ಲೇ ಸೊರಗು ರೋಗಕ್ಕೆಂದು ತಾಮ್ರದ ಔಷಧಿಯನ್ನು ಅದೇ ಬುಡಕ್ಕೆ ಸುರಿದರೆ ಉಳಿದಿದ್ದಕ್ಕೂ ಪೆಟ್ಟು.

ಮಡಿಯಲ್ಲಿ ಹುಳು ತುಂಬಿದ್ದರೆ ಮೊದಲು ಅದರ ಸಂಖ್ಯೆ ಇಳಿಸಬೇಕು. ಬೇಸಿಗೆಯಲ್ಲಿ ಮಣ್ಣು ನೆನೆಸಿ, ಪಾರದರ್ಶಕ ಪಾಲಿಥೀನ್ ಹೊದಿಸಿ, ನಾಲ್ಕರಿಂದ ಆರು ವಾರ ಬಿಸಿಲಿಗೆ ಬಿಡಿ. ಹಳೆ ಗಿಡ ಕೀಳುವಾಗ ಗಂಟುಬೇರನ್ನು ಮಣ್ಣಲ್ಲೇ ಬಿಡದೆ ಹೊರಗೆ ಸಾಗಿಸಿ ಸುಡಿ. ಪುಡಿ ಕಲಸಿದ ಗೊಬ್ಬರದ ಸರದಿ ಅದಾದ ಮೇಲೆ.